ಕೊಂಬು ಮುಂದಕ್ಕೋ ಹಿಂದಕ್ಕೋ

ಕಳೆದ ವಾರ ಹಳೇ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ತಗಡಿನ ಪಟ್ಟಿ ಸಿಕ್ಕಿತು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು. ಮೊಳೆಯಿಂದ ಚುಚ್ಚಿ ಬರೆದ ಒಂದು ಹೆಸರು, ಅದನ್ನು ಸುತ್ತಿಗೆಯಲ್ಲಿ ಜಜ್ಜಿ ಅಳಿಸಿ ಅದರ ಮೇಲೆ ಇನ್ನೊಂದು ಹೆಸರು. ಮೂಗಿನ ಹತ್ತಿರ ಹಿಡಿದೆ. ತುಕ್ಕಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಆದರೂ ನಮ್ಮ ಹೆಡ್ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯಿತು...

ಬ್ರಿಟಿಷರ ಕಾಲ. ನಾನು ಗುಂಡ್ಲುಪೇಟೆಯಿಂದ ಗೂಡಲೂರಿನ ಶಾಲೆಗೆ ಸಹಾಯಕ ಉಪಾಧ್ಯಾಯನಾಗಿ ಬಂದಾಗ ಅವರಿಗೆ ಐವತ್ತರ ಹತ್ತಿರ. ಕಚ್ಚೆ ಪಂಚೆ, ಕರೀ ಕೋಟು, ಕೋಟಿನ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಅವರಿಗಿದ್ದ ಹುಚ್ಚು ಒಂದೇ, ಮರದ ಮೇಲೆ ಬೆಳೆಯುವ ಆರ್ಕಿಡ್ ಗಿಡ. ಸೀಮೆಗೆ ವಾಪಸು ಹೊರಟ ಯಾವುದೋ ತೋಟದ ದೊರೆ ಬಿಟ್ಟುಹೋದ ದಪ್ಪ ಪುಸ್ತಕವೊಂದನ್ನು ಇಟ್ಟುಕೊಂಡು ಗಿಡಗಳಿಗೆ ಹೆಸರು ಹಚ್ಚುತ್ತಿದ್ದರು. ಪುಸ್ತಕದ ಅರ್ಧಕ್ಕೆ ಗೆದ್ದಲು ಹಿಡಿದಿತ್ತು. ಗೆದ್ದಲು ಬಿಟ್ಟಷ್ಟು ಮೇಷ್ಟ್ರಿಗೆ ಬಾಯಿಪಾಠ.

ಹಿತ್ತಲಿನ ಹಲಸಿನ ಮರದ ತುಂಬ ಅವರ ಮೆಚ್ಚಿನ ಗಿಡ. ಮಳೆಗಾಲ ಹಿಡಿಯುವ ಹೊತ್ತಿಗೆ ಮೊಳದುದ್ದದ ಗೊಂಚಲು ಜೋತುಬೀಳುತ್ತಿತ್ತು. ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ. "ಏರಿಡೀಸ್" ಎನ್ನುವಾಗ ಅವರ ದನಿಯೇ ಮೆತ್ತಗಾಗುತ್ತಿತ್ತು. ಯಾರ ಮನೆಯಲ್ಲಿ ಮದುವೆಯಾದರೂ ಒಂದು ಸಸಿ, ಅದಕ್ಕೊಂದು ಹೆಸರು ಚುಚ್ಚಿದ ತಗಡಿನ ಚೀಟಿ. ಅವರ ಮನೆಯಾಕೆ ಮಾತ್ರ, "ಅದೆಂಥ ಏರಿಡೀಸು! ಸೀತೆದಂಡೆ ಅಂದ್ರೆ ಸಾಲದಾ?" ಎಂದು ಒಂದು ಗೊಂಚಲು ಮುರಿದು ಮುಡಿದುಕೊಳ್ಳುವರು. ಮೇಷ್ಟ್ರು ಆ ದಿನ ಊಟಕ್ಕೆ ತಡವಾಗಿ ಏಳುವರು.

ಆ ವರ್ಷ ಜೂನ್‌ನಲ್ಲಿ ಇನ್ಸ್‌ಪೆಕ್ಟರು ಬಂದರು. ಶಾಲೆಗೆ ಇನ್ನೊಂದು ತರಗತಿ ಸಿಗುವುದು ಬಿಡುವುದು ಅವರ ವರದಿಯ ಮೇಲಿತ್ತು. ತಪಾಸಣೆ ಚೆನ್ನಾಗಿಯೇ ಮುಗಿಯಿತು. ಮೇಷ್ಟ್ರು ಅಷ್ಟಕ್ಕೆ ಸುಮ್ಮನಿರಬಾರದೆ? ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಆ ಮನುಷ್ಯ ಮದರಾಸಿನಲ್ಲಿ ಸಸ್ಯಶಾಸ್ತ್ರ ಓದಿದವರು ಎಂದು ನಮಗೇನು ಗೊತ್ತು?

"ಚೆನ್ನಾಗಿದೆ. ಆದರೆ ಇದು ಏರಿಡೀಸ್ ಅಲ್ಲ, ರಿಂಕೋಸ್ಟೈಲಿಸ್," ಎಂದರು ಇನ್ಸ್‌ಪೆಕ್ಟರು.

"ಕ್ಷಮಿಸಬೇಕು ಸಾರ್. ಗೊಂಚಲು ಜೋತುಬಿದ್ದಿದೆ. ಏರಿಡೀಸೇ."

ನಾನು ಹಿಂದಿನಿಂದ ಅವರ ಕೋಟು ಜಗ್ಗಿದೆ. ಕೊಡವಿಕೊಂಡರು.

"ಜೋತುಬೀಳೋದು ಎರಡೂ ಬೀಳುತ್ತೆ. ಹೂವಿನ ಕೆಳಗೆ ಪುಟ್ಟ ಕೊಂಬಿದೆಯಲ್ಲ, ಅದನ್ನ ನೋಡಿ. ಏರಿಡೀಸಿನ ಕೊಂಬು ಮುಂದಕ್ಕೆ ಬಾಗಿರುತ್ತೆ. ಇದರದ್ದು ಹಿಂದಕ್ಕೆ ತಿರುಗಿದೆ."

ಮೇಷ್ಟ್ರು ಭೂತಗನ್ನಡಿ ತೆಗೆದು ಹೂವಿಗೆ ಮುಖ ಒತ್ತಿದರು. ಒಂದು ಹೂವು, ಎರಡು, ಹತ್ತು. ಮಳೆ ಹನಿಯತೊಡಗಿತು. ಕೊನೆಗೆ ತಲೆ ಎತ್ತಿದಾಗ ಅವರ ಮೂಗಿನ ತುದಿಯಲ್ಲಿ ಎರಡು ಹಳದಿ ಕಾಳು ಅಂಟಿಕೊಂಡು ನಿಂತಿದ್ದವು. ಜೇನುಹುಳದ ತಲೆಗೆ ಅಂಟಬೇಕಾದ ಪರಾಗ.

"ಹಿಂದಕ್ಕೇ ಇದೆ," ಎಂದರು.

ಇನ್ಸ್‌ಪೆಕ್ಟರು ನಗು ತಡೆದುಕೊಂಡು, "ಹೋಗಲಿ ಬಿಡಿ, ಯಾರಿಗೆ ತಿಳಿಯುತ್ತೆ?" ಎಂದರು. ಮೇಷ್ಟ್ರಿಗೆ ಅದು ಕೇಳಿಸಲೇ ಇಲ್ಲ. ಮಧ್ಯಾಹ್ನ ಆ ಎರಡು ಕಾಳಿನ ಸಮೇತ ಭೂಗೋಳ ಪಾಠ ಮಾಡಿದರು. ಮಕ್ಕಳು ತುಟಿ ಕಚ್ಚಿ ಕೂತಿದ್ದವು. ಸಂಜೆ ನೋಡಿದರೆ, ಪುಸ್ತಕದಲ್ಲಿ ಕೊಂಬಿನ ಸಾಲು ಇರಬೇಕಾದ ಕಡೆ ಗೆದ್ದಲಿನ ತೂತು.

ಶನಿವಾರ ಬೆಳಿಗ್ಗೆ ಮೇಷ್ಟ್ರು ಸುತ್ತಿಗೆ, ಮೊಳೆ ಹಿಡಿದು ನನ್ನ ಬಾಗಿಲಿಗೆ ಬಂದರು. ಏಣಿ ನನ್ನ ಹೆಗಲಿಗೆ. ಗಿಡ ಕೊಟ್ಟಿದ್ದ ಮನೆ ಮನೆಗೂ ಹೋಗಿ, "ನಾನು ಹೇಳಿದ್ದು ತಪ್ಪು," ಎಂದು ಕೈಮುಗಿದು ಚೀಟಿ ತಿದ್ದಿದರು. ಒಂದು ಮನೆಯವರು, ತಪ್ಪು ಎಂದರೆ ಗಿಡ ವಿಷದ್ದಿರಬೇಕೆಂದು ಹೆದರಿ ಅಲ್ಲೇ ಕಿತ್ತು ಚರಂಡಿಗೆ ಎಸೆದರು. ಮೇಷ್ಟ್ರು ಚರಂಡಿಗಿಳಿದು ತಂದು, ತೊಳೆದು, ಮತ್ತೆ ಕಟ್ಟಿದರು. ಚೆಟ್ಟಿಯರ ಮನೆಯ ಅಜ್ಜಿ, "ಹೆಸರಿಡೋಕೆ ಬಂದೋರನ್ನ ಬರೀ ಬಾಯಲ್ಲಿ ಕಳಿಸ್ತಾರಾ?" ಎಂದು ನಮ್ಮಿಬ್ಬರಿಗೂ ಪಾಯಸ ಬಡಿಸಿದಳು.

ಕಡೆಯದು ಮೈಸೂರು ರಸ್ತೆಯ ಟೀ ಅಂಗಡಿ. ಅದರ ಮಲಬಾರಿನ ಯಜಮಾನನನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಮೇಷ್ಟ್ರ ಗಿಡ ಬಾಗಿಲಲ್ಲಿ ತೂಗುಹಾಕಿ, ಅದರ ಹೆಸರನ್ನೇ ಅಂಗಡಿಗೂ ಇಟ್ಟಿದ್ದ. "ಏರಿಡೀಸ್ ಟೀ ಶಾಪ್" ಎಂದು ಕೆಂಪಕ್ಷರದ ಬೋರ್ಡು.

"ಹೊಸ ಹೆಸರು ಏನು ಮಾಷೇ?"

"ರಿಂಕೋಸ್ಟೈಲಿಸ್."

ಕಾಕಾ ಮೂರು ಸಲ ಪ್ರಯತ್ನಪಟ್ಟ. ಮೂರು ಸಲವೂ ಕೆಮ್ಮು ಬಂತು. "ಆಗೋಲ್ಲ ಮಾಷೇ. ಹೆಸರು ಬದಲಾಯಿಸೋಲ್ಲ. ಬೇಕಾದರೆ ಗಿಡ ಬದಲಾಯಿಸಿ."

ಅವನು ತಮಾಷೆಗೆ ಅಂದದ್ದು. ಮೇಷ್ಟ್ರು ಬೋರ್ಡನ್ನೇ ನೋಡುತ್ತ ನಿಂತರು. ಆಮೇಲೆ ಗಂಭೀರವಾಗಿ, "ಅದೇ ಸರಿ," ಎಂದರು.

ಮೂರು ಭಾನುವಾರ ಪಂದಲೂರಿನ ದಾರಿಯ ಕಾಡು ಅಲೆದೆವು. ಮಳೆ, ಜಿಗಣೆ. ನನ್ನ ಕಾಲಿಗೆ ಹೊಗೆಸೊಪ್ಪು ಉಜ್ಜುತ್ತ, "ನಿಮ್ಮ ರಕ್ತ ಅದಕ್ಕೆ ರುಚಿ ಕಣ್ರೀ, ನನ್ನ ಹತ್ತಿರ ಬರೋದೇ ಇಲ್ಲ," ಎಂದು ಸಮಾಧಾನ ಹೇಳುವರು. ಅವರ ಕುತ್ತಿಗೆಯ ಮೇಲೆ ಆರು ಜಿಗಣೆ ಇದ್ದವು. ಮೂರನೇ ಭಾನುವಾರ ಕಾಫಿ ತೋಟದ ಅಂಚಿನ ಮರವೊಂದರಲ್ಲಿ ಗೊಂಚಲು ಕಂಡಿತು. ನಾನು ಹತ್ತುತ್ತೇನೆ ಎಂದರೂ ಕೇಳದೆ ತಾವೇ ಹತ್ತಿದರು. ಹೂವಿಗೆ ಭೂತಗನ್ನಡಿ ಹಿಡಿದು, "ಮುಂದಕ್ಕೆ! ಮುಂದಕ್ಕೆ ಕಣ್ರೀ!" ಎಂದು ಕೂಗಿ, ಗಿಡ ಬಿಡಿಸಿಕೊಂಡು, ನನಗೆ ತೋರಿಸಲು ಎರಡೂ ಕೈ ಬಿಟ್ಟರು. ಸೊಂಟದ ತನಕ ಕೆಸರಿನ ಹಳ್ಳಕ್ಕೆ ಬಿದ್ದರು. ಗಿಡ ಮಾತ್ರ ತಲೆಯ ಮೇಲೆತ್ತಿದ ಕೈಯಲ್ಲಿ, ಹನಿ ಕೆಸರೂ ತಾಗದೆ.

ಅಂಗಡಿಯ ಬಾಗಿಲಿಗೆ ನಿಜವಾದ ಏರಿಡೀಸ್ ಬಂತು. ಮೇಷ್ಟ್ರು ಕಾಕಾನಿಗೆ ಅರ್ಧ ಗಂಟೆ ಕೊಂಬಿನ ವಿಚಾರ ವಿವರಿಸಿದರು. ಅಂದಿನಿಂದ ಗಾಡಿಯವರು ಆ ಹೂವು ಬಗ್ಗಿ ನೋಡಿ "ಮುಂದಕ್ಕೆ" ಎನ್ನುವ ತನಕ ಕಾಕಾ ಟೀ ಕೊಡುತ್ತಿರಲಿಲ್ಲ.

ಮೇಷ್ಟ್ರು ಮಾತ್ರ ಒಂದು ತಿಂಗಳು ಚಳಿಜ್ವರದಲ್ಲಿ ಮಲಗಿದರು. ನಾವೆಲ್ಲ ಆಸೆ ಬಿಟ್ಟಿದ್ದೆವು. ಕ್ವಿನೈನ್ ಕುಡಿಸಲು ಬಂದ ಕಾಂಪೌಂಡರನ್ನು ನಡುಗುತ್ತಲೇ ಕೇಳಿದ್ದರು: "ಇದು ಈ ಜ್ವರವೇ, ಆ ಜ್ವರ ಅಲ್ಲ ಅಂತ ಹೇಗೆ ಗುರುತಿಸ್ತೀರಿ?" ಪಕ್ಕದಲ್ಲಿ ಕೂತಿದ್ದ ಅವರ ಮನೆಯಾಕೆ ಆ ತಿಂಗಳಲ್ಲಿ ಮೊದಲ ಸಲ ನಕ್ಕರು. ಬದುಕುತ್ತಾರೆ ಎಂದು ನನಗೆ ಆಗ ಗೊತ್ತಾಯಿತು.

ಬದುಕಿದರು. ಶಾಲೆಗೆ ತರಗತಿಯೂ ಬಂತು. ಕೆಲವು ವರ್ಷದ ಮೇಲೆ ನಿವೃತ್ತರಾಗಿ ಮಗಳ ಊರು ನಂಜನಗೂಡಿಗೆ ಹೋದರು. ಅವರು ತೀರಿಕೊಂಡರೆಂಬ ಕಾಗದ ನನಗೆ ತಲುಪಿದಾಗ ಎಲ್ಲ ಕರ್ಮಗಳೂ ಮುಗಿದಿದ್ದವು. ಆಗ ನಾನೇ ಹೆಡ್ ಮೇಷ್ಟ್ರು. ರಜೆ ಕೊಟ್ಟೆ. ಅವರನ್ನು ಕಂಡಿರದ ಮಕ್ಕಳು ಹೋ ಎಂದು ಕುಣಿಯುತ್ತ ಓಡಿದವು. ನಾನು ಖಾಲಿ ಕ್ಲಾಸಿನಲ್ಲಿ ತುಂಬ ಹೊತ್ತು ಕೂತಿದ್ದೆ...

ಈಗ ನನಗೆ ಅವರು ಹೋದಾಗಿನ ವಯಸ್ಸು ದಾಟಿದೆ. ಅವರನ್ನು ಬಲ್ಲವರು ಈ ಊರಿನಲ್ಲಿ ಬೇರೆ ಯಾರೂ ಉಳಿದಿಲ್ಲ. ಇಷ್ಟು ಬರೆದೆನಲ್ಲ, ಇದರಲ್ಲಿ ಎಲ್ಲಿ ತಪ್ಪಿದ್ದೇನೋ. ಹೇಳುವವರು ಅವರೊಬ್ಬರಿದ್ದರು.