ಅಟ್ಟದಣ್ಣ ಕೊಂಡ ಲಿವರ್

ಅಟ್ಟದಣ್ಣ. ವಯಸ್ಸು ಅರವತ್ತೆರಡು. ಉಕ್ಕಿನ ಕೊಳವೆಗಳ ಗೋದಾಮಿನಲ್ಲಿ ಮೂವತ್ತನಾಲ್ಕು ವರ್ಷ ಕ್ರೇನ್ ಚಾಲಕ. ತಂದೆ ತಕ್ಕಡಿ ರಿಪೇರಿ ಮಾಡುತ್ತಿದ್ದರು, ತಾಯಿ ಹೊಲಿಗೆ ಹಾಕುತ್ತಿದ್ದರು, ಇಬ್ಬರೂ ಇಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಅವಳು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಾಗಲಿಲ್ಲ. ಒಡಹುಟ್ಟಿದವರಲ್ಲಿ ಉಳಿದವಳು ನಾನೊಬ್ಬಳೇ, ಅವನಿಗಿಂತ ನಾಲ್ಕು ವರ್ಷ ಹಿರಿಯಳು.

ಗೋದಾಮಿನ ಸೂರಿನಡಿ ತೂಗುತ್ತಿದ್ದ ಕ್ರೇನಿನ ಕ್ಯಾಬಿನ್ನನ್ನು ಕೆಲಸಗಾರರು ಅಟ್ಟವೆಂದು, ಅವನನ್ನು ಅಟ್ಟದಣ್ಣನೆಂದು ಕರೆಯುತ್ತಿದ್ದರು. ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಬೆಳಿಗ್ಗೆ ಕೂತವನು ಊಟಕ್ಕೊಮ್ಮೆ, ಸಂಜೆಗೊಮ್ಮೆ ಇಳಿಯುತ್ತಿದ್ದ. ನಡುವಿನ ಹೊತ್ತಿನಲ್ಲಿ ಅವನಿಗೆ ಮನುಷ್ಯರೆಂದರೆ ಮೇಲಿನಿಂದ ಕಾಣುವ ನೆತ್ತಿಗಳು ಮತ್ತು ಒಬ್ಬ ಸನ್ನೆಗಾರನ ಕೈ. ಎತ್ತು, ಇಳಿಸು, ನಿಲ್ಲಿಸು ಎಂದು ಕೆಳಗಿನಿಂದ ಕೈಯಲ್ಲೇ ಹೇಳುವವನು ಸನ್ನೆಗಾರ. ಮೇಲಿನವನೂ ಕೆಳಗಿನವನೂ ಸೇರಿದರಷ್ಟೇ ಒಂದು ಕೆಲಸವಾಗುವುದರಿಂದ ಅಲ್ಲಿ ಯಾರೂ 'ನಾನು ಎತ್ತಿದೆ' ಎನ್ನುವಂತಿರಲಿಲ್ಲ. 'ನಾವು ಎತ್ತಿದೆವು' ಎನ್ನಬೇಕು. ಹೊಸಬರು ತಪ್ಪಿ 'ನಾನು' ಎಂದರೆ ಊಟದ ಹೊತ್ತಿನಲ್ಲಿ ಇಡೀ ಗೋದಾಮು ಅವರನ್ನು ಆಡಿಕೊಳ್ಳುತ್ತಿತ್ತು.

ನಿವೃತ್ತನಾದ ಮೇಲೆ ಅವನು ಮೂರನೆಯ ಮಹಡಿಯ ತನ್ನ ಎರಡು ಕೋಣೆಗಳಲ್ಲಿ ಕಿಟಕಿಗೆ ಅಂಟಿಕೊಂಡು ಬೀದಿಯ ನೆತ್ತಿಗಳನ್ನು ನೋಡುತ್ತ ಕೂರತೊಡಗಿದ. ಪ್ರಿಂಟರ್ ರಿಪೇರಿ ಮಾಡುವ ನನ್ನ ಅಳಿಯ ಅದನ್ನು ಕಂಡು, ತನ್ನ ಹಳೆಯ ಕಂಪ್ಯೂಟರನ್ನು ತಂದಿಟ್ಟು, ವಿಮಾನ ಹಾರಿಸುವ ಆಟವೊಂದನ್ನು ಹಾಕಿಕೊಟ್ಟ. ಪರದೆಯ ಮೇಲೆ ಹೊಲ, ರಸ್ತೆ, ಕೆರೆ ಎಲ್ಲವೂ ಮೇಲಿನಿಂದ ಕಾಣುತ್ತಿದ್ದವು. ಅಟ್ಟದಣ್ಣನಿಗೆ ಮತ್ತೆ ತನ್ನ ಜಾಗ ಸಿಕ್ಕಿತು.

ಆ ಆಟಕ್ಕೆ ಒಂದು ಕೂಟವಿತ್ತು. ದಿನವೂ ಸಂಜೆ ಐದರಿಂದ ಆರರವರೆಗೆ ಎಲ್ಲೆಲ್ಲಿಯೋ ಇರುವ ಇಪ್ಪತ್ತು ಮೂವತ್ತು ಜನ ತಮ್ಮ ತಮ್ಮ ಮನೆಯಿಂದಲೇ ಒಂದೇ ಆಕಾಶದಲ್ಲಿ ಹಾರುತ್ತಿದ್ದರು. ಒಬ್ಬಾಕೆ ನಿಲ್ದಾಣದ ಗೋಪುರದಲ್ಲಿ ಕುಳಿತವಳಂತೆ ಒಬ್ಬೊಬ್ಬರನ್ನೇ ಅವರ ಸಂಖ್ಯೆಯಿಂದ ಕರೆದು, ಇಳಿಯಲು ಒಪ್ಪಿಗೆ ಕೊಡುತ್ತಿದ್ದಳು. ಅಟ್ಟದಣ್ಣ ಏಣಿಯ ನೆನಪಿಗೆ ನಲವತ್ತೆರಡು ಎಂಬ ಸಂಖ್ಯೆಯನ್ನು ಪಡೆದಿದ್ದ. ಆದರೆ ಕೂಟಕ್ಕೆ ಸೇರಬೇಕಾದರೆ ಗೋಪುರದಾಕೆ ನೋಡುತ್ತಿರುವಂತೆಯೇ ಸತತವಾಗಿ ಮೂರು ಸಲ ವಿಮಾನವನ್ನು ಸರಿಯಾಗಿ ಇಳಿಸಬೇಕಿತ್ತು. ಅಲ್ಲಿಯವರೆಗೆ ಕೇಳಿಸಿಕೊಳ್ಳಬಹುದೇ ಹೊರತು ಮಾತಾಡುವಂತಿರಲಿಲ್ಲ. ಏಳು ತಿಂಗಳು ಅವನು ಹೆಡ್‌ಫೋನ್ ಹಾಕಿಕೊಂಡು ಬೇರೆಯವರ ಸಂಖ್ಯೆಗಳನ್ನು ಕರೆಯುವುದನ್ನು ಕೇಳಿದ. ಎರಡು ಸಲ ಪರೀಕ್ಷೆಗೆ ನಿಂತು ಎರಡು ಸಲವೂ ರನ್‌ವೇಗೆ ಮುಂಚೆ, ಬೇಲಿಯ ಪಕ್ಕದ ಹೊಲದಲ್ಲೇ ನೆಲಕ್ಕಪ್ಪಳಿಸಿದ್ದ. ಮೂರನೆಯದೇ ಕೊನೆಯ ಅವಕಾಶ.

"ತಪ್ಪು ನಂದಲ್ಲ ಅಕ್ಕ, ಇದ್ರದ್ದು," ಎಂದು ವಿಮಾನವನ್ನು ತಿರುಗಿಸುವ ಜಾಯ್‌ಸ್ಟಿಕ್ಕಿನ ಬುಡದಲ್ಲಿದ್ದ, ಬೆರಳ ತುದಿಯಷ್ಟು ಗಾತ್ರದ ಚಕ್ರವನ್ನು ತೋರಿಸಿದ. ಎಂಜಿನ್ನಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುವುದು ಅದೇ. "ಇದು ಕೈಗೆ ಏನೂ ಹೇಳಲ್ಲ. ಒಂದು ಒಳ್ಳೇ ಥ್ರಾಟಲ್ ಬೇಕು, ಲಿವರ್ ಇರೋದು."

"ಅರವತ್ತೆರಡಕ್ಕೆ ಆಟದ ಸಾಮಾನಾ?"

"ನೀನು ಮೂವತ್ತೈದಕ್ಕೆ ಸಂಜೆ ಶಾಲೆಗೆ ಪಾಟಿಚೀಲ ಹೊತ್ತಾಗ ನಾನು ನಕ್ಕಿದ್ನಾ?"

ನಕ್ಕಿರಲಿಲ್ಲ. ಅಂಗಡಿಗೆ ಜೊತೆಯಲ್ಲಿ ಹೋದೆ.

ಅಂಗಡಿಯವನು ನಮ್ಮಿಬ್ಬರ ನರೆತ ತಲೆಯನ್ನೂ ನೋಡಿ, "ಮೊಮ್ಮಗನಿಗಾ ಯಜಮಾನ್ರೇ?" ಎಂದ.

"ನನಗೇ. ಕಡಿಮೆ ಬೆಲೇದು ತೋರ್ಸಿ. ಆದ್ರೆ ಕಸ ತೋರಿಸ್ಬೇಡಿ."

ಮೂರು ಬಂದವು. ಮೊದಲನೆಯದಕ್ಕೆ ಎರಡು ಲಿವರುಗಳು, ಬಣ್ಣದ ದೀಪಗಳು, ಲೆಕ್ಕವಿಲ್ಲದಷ್ಟು ಗುಂಡಿಗಳು. ಅದರ ಬೆಲೆ ಕೇಳಿದ ಕೂಡಲೇ ನನ್ನ ತಮ್ಮ ಅದನ್ನು ಮಲಗಿರುವ ಮಗುವನ್ನು ಪಕ್ಕಕ್ಕೆ ಸರಿಸುವಂತೆ ಸರಿಸಿಟ್ಟ. ಎರಡನೆಯದು ಎಲ್ಲಕ್ಕಿಂತ ಅಗ್ಗ. ಆದರೆ ಅದರ ಲಿವರನ್ನು ತಳ್ಳಿ ಕೈಬಿಟ್ಟರೆ ಸ್ಪ್ರಿಂಗಿನಿಂದ ತಾನಾಗಿಯೇ ನಡುವಿಗೆ ಮರಳುತ್ತಿತ್ತು. "ಇಟ್ಟ ಕಡೆ ನಿಲ್ಲದ ಲಿವರ್ ಲಿವರೇ ಅಲ್ಲ," ಎಂದ. ಮೂರನೆಯದು ಪ್ರದರ್ಶನಕ್ಕಿಟ್ಟು ಹಳತಾದದ್ದು, ಪೆಟ್ಟಿಗೆ ಹರಿದಿತ್ತು. ಒಂದೇ ಲಿವರ್, ಭಾರವಾದ ಬುಡ, ಅಡಿಯಲ್ಲಿ ಬಿಗಿ ಹೆಚ್ಚು ಕಡಿಮೆ ಮಾಡುವ ತಿರುಪು.

ಅವನು ಕಣ್ಣು ಮುಚ್ಚಿ ಅದನ್ನು ಕೂದಲೆಳೆಯಷ್ಟು ಮುಂದಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ಆಡಿಸತೊಡಗಿದ. ಐದು ನಿಮಿಷವಾದರೂ ಕಣ್ಣು ತೆರೆಯಲಿಲ್ಲ.

"ಏನ್ ಯಜಮಾನ್ರೇ, ಹೆಣ್ಣು ನೋಡೋಕೆ ಬಂದಂಗೆ ಕೂತಿದ್ದೀರಾ!"

"ಹೆಣ್ಣಾಗಿದ್ರೆ ಕಣ್ಣು ಬಿಟ್ಟು ನೋಡ್ತಿದ್ದೆ. ಇದನ್ನ ಕಂಪ್ಯೂಟರಿಗೆ ಸಿಕ್ಸಿ, ಅಂಕಿ ತೋರ್ಸಿ."

ಅಗ್ಗದ ಲಿವರುಗಳ ರೋಗ ಅದು: ಒಳಗೆ ಧೂಳು ಸೇರಿದರೆ ಕೈ ನಿಂತಿದ್ದರೂ ಪರದೆಯ ಅಂಕಿ ಕುಣಿಯುತ್ತದೆ, ಎಂಜಿನ್ ಉಬ್ಬಸದವರಂತೆ ಏದುಸಿರು ಬಿಡುತ್ತದೆ. ಇದರ ಅಂಕಿ ನಿಂತಿತು.

"ಮುಂಚೇನೇ ಹೇಳ್ಬಿಡ್ತೀನಿ, ಒಂದು ಗುಂಡಿ ಸತ್ತಿದೆ," ಎಂದ ಅಂಗಡಿಯವನು.

"ಅದ್ರ ಕೆಲ್ಸ ಏನು?"

"ವಿಮಾನದ ದೀಪ ಹಾಕೋದು."

"ನಾವು ಹಗಲಲ್ಲೇ ಹಾರ್ತೀವಿ ಬಿಡಿ."

ಸತ್ತ ಗುಂಡಿಯ ನೆಪದಲ್ಲಿ ಬೆಲೆಯನ್ನು ಇನ್ನಷ್ಟು ಇಳಿಸಿ, ಹರಿದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದ. ಮರುದಿನ ಸಂಜೆ ಅಳಿಯನೂ ನಾನೂ ಹೋದಾಗ ಲಿವರ್ ಮೇಜಿನ ಅಂಚಿಗೆ ಕೂತಿತ್ತು, ವಿಮಾನ ರನ್‌ವೇಯತ್ತ ಇಳಿಯುತ್ತಿತ್ತು. ಸ್ವಲ್ಪ ತಗ್ಗಿತು. ಅಟ್ಟದಣ್ಣನ ಕೈ ಥಟ್ಟನೆ ಲಿವರನ್ನು ತನ್ನತ್ತ ಎಳೆಯಿತು. ಎಂಜಿನ್ ಸದ್ದಡಗಿ, ವಿಮಾನ ಕಲ್ಲಿನಂತೆ ಬಿತ್ತು. ಅದೇ ಹೊಲ, ಅದೇ ಬೇಲಿ.

ಅವನು ತನ್ನ ಕೈಯನ್ನೇ ಬೇರೆ ಯಾರದೋ ಕೈ ಎಂಬಂತೆ ನೋಡಿದ. ಗೋದಾಮಿನ ಕ್ರೇನಿನಲ್ಲಿ ಲಿವರನ್ನು ಎಳೆದರೆ ಹೊರೆ ಮೇಲೇಳುತ್ತದೆ, ತಳ್ಳಿದರೆ ಇಳಿಯುತ್ತದೆ. ವಿಮಾನದಲ್ಲಿ ತಳ್ಳಿದರೆ ಶಕ್ತಿ, ಎಳೆದರೆ ಶಕ್ತಿಯೆಲ್ಲ ಹೋಯಿತು. ಸುಮ್ಮನೆ ಹಾರುವಾಗ ಯೋಚಿಸಿ ಸರಿಯಾಗಿಯೇ ಮಾಡುತ್ತಿದ್ದ. ಬೀಳುವ ಭಯ ಹುಟ್ಟಿದ ಗಳಿಗೆಯಲ್ಲಿ ಮಾತ್ರ ಮೂವತ್ತನಾಲ್ಕು ವರ್ಷದ ಕೈ ಎಳೆದುಬಿಡುತ್ತಿತ್ತು. ಆ ಪುಟ್ಟ ಚಕ್ರವನ್ನು ಏಳು ತಿಂಗಳು ಬೈದದ್ದು ವ್ಯರ್ಥವಾಗಿತ್ತು.

"ಅಷ್ಟೇನಾ ಮಾವ?" ಎಂದು ಅಳಿಯ ನಕ್ಕ. "ಸೆಟ್ಟಿಂಗಲ್ಲಿ ಒಂದು ಟಿಕ್ ಹಾಕಿದ್ರೆ ಲಿವರ್ ಉಲ್ಟಾ ಆಗತ್ತೆ. ಎಳೆದ್ರೆ ಶಕ್ತಿ. ನಿಮ್ಮ ಕ್ರೇನ್ ಥರಾನೇ."

"ಬೇಡ."

"ಯಾಕೆ? ಇಲ್ಲಿ ನಿಮ್ಮನ್ನ ಬಿಟ್ರೆ ಇನ್ಯಾರು ಬಂದು ಕೂತ್ಕೋತಾರೆ?"

ಅಳಿಯ ಒಳ್ಳೆಯವನು, ಮಾತು ಬಾಯಿ ಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡ. ನನ್ನ ತಮ್ಮ ಲಿವರಿನಿಂದ ಕೈ ತೆಗೆದ. ಆಮೇಲೆ, ಯಾರಿಗೂ ಹೇಳಿರದ ಸಂಗತಿಯೊಂದನ್ನು ಹೇಳಿದ.

ಅವನ ಕೆಲಸದ ಹನ್ನೆರಡನೆಯ ವರ್ಷದಲ್ಲಿ ಕ್ರೇನಿನ ಲಿವರ್ ಸವೆದು, ಹೊಸ ಬಗೆಯದನ್ನು ಹಾಕಿದ್ದರು. ಹೊಸದರಲ್ಲಿ ತಳ್ಳಿದರೆ ಹೊರೆ ಏಳುತ್ತಿತ್ತು. ಕೈ ಒಗ್ಗಲಿಲ್ಲವೆಂದು ಇವನು ವೈರಿಂಗಿನವನಿಗೆ ಗುಟ್ಟಾಗಿ ಹೇಳಿ, ಒಳಗಿನ ಎರಡು ತಂತಿಗಳನ್ನು ಅದಲು ಬದಲು ಮಾಡಿಸಿ, ಮೊದಲಿನಂತೆ ಎಳೆದರೆ ಏಳುವ ಹಾಗೆ ಮಾಡಿಕೊಂಡ. ಎರಡನೆಯ ಪಾಳಿಗೆ ಆಗಷ್ಟೇ ಸೇರಿದ ಚಾಲಕನಿಗೆ ತಳ್ಳಿದರೆ ಏಳುತ್ತದೆ ಎಂದೇ ಕಲಿಸಿದ್ದರು. ಇವನು ಅವನಿಗೆ ಹೇಳಲು ಮರೆತು ಮನೆಗೆ ಬಂದ. ಎತ್ತಬೇಕಾದ ಕೊಳವೆಯ ಕಟ್ಟು ಇಳಿಯಿತು. ಸನ್ನೆಗಾರನ ಬಲಗೈಯ ಎರಡು ಬೆರಳು ಹೋದವು. ತನಿಖೆಯವರು ಹೊಸ ಲಿವರಿನದೇ ದೋಷವೆಂದು ಬರೆದು, ಹಳೆಯದನ್ನು ದುರಸ್ತಿ ಮಾಡಿಸಿ ಮತ್ತೆ ಕೂಡಿಸಿದರು. ಆ ಸನ್ನೆಗಾರ ಇನ್ನೂ ಹದಿನೇಳು ವರ್ಷ ಉಳಿದ ಬೆರಳುಗಳಲ್ಲೇ ಎತ್ತು, ಇಳಿಸು ಎಂದು ಕೆಳಗಿನಿಂದ ತೋರಿಸಿದ. ಇವನು ದಿನವೂ ಮೇಲಿನಿಂದ ಅದನ್ನು ನೋಡಿದ. ಹೇಳಲಿಲ್ಲ. ಹೇಳಬೇಕೆನ್ನಿಸುವ ಹೊತ್ತಿಗೆ ಆ ಮನುಷ್ಯ ಬದುಕಿರಲಿಲ್ಲ.

"ಅವತ್ತೂ ಅಲ್ಲಿ ಕೂರೋನು ನಾನೊಬ್ನೇ ಅನ್ನೋ ಹಂಗೆ ಮಾಡಿಸ್ಕೊಂಡಿದ್ದೆ," ಎಂದ. "ಲಿವರ್ ಹೆಂಗಿದೆಯೋ ಹಂಗೇ ಇರ್ಲಿ. ಕೈ ತಿರುಗ್ಲಿ."

ಪರೀಕ್ಷೆಗೆ ಐದು ವಾರವಿತ್ತು. ಅವನು ಕಂಪ್ಯೂಟರಿನಿಂದ ಲಿವರನ್ನು ಬಿಚ್ಚಿ, ಅಡುಗೆಮನೆಯ ಮೇಜಿಗೆ ಬಿಗಿದು, ತಂತಿ ನೇತಾಡುತ್ತಿರುವಂತೆಯೇ ಅಭ್ಯಾಸಕ್ಕೆ ಕೂತ. ಅಕ್ಕಿ ಬೇಯುವಾಗ, ಹಾಲು ಕಾಯುವಾಗ ತಾನೇ 'ತಗ್ಗಿತು' ಎಂದು ಕೂಗಿ ತಾನೇ ತಳ್ಳುವುದು. ಒಂದು ದಿನ ನಾನು ಬಾಗಿಲಲ್ಲಿ ನಿಂತು, ಒಳಗೆ ಯಾರೋ ಬಂದಿದ್ದಾರೆಂದು ತಿಳಿದೆ.

"ಯಾರ ಹತ್ರ ಮಾತಾಡ್ತಿದ್ದೀಯೋ?"

"ಕೈ ಹತ್ರ. ನಾನೇ ಕೂಗಿದ್ರೆ ಇದಕ್ಕೆ ಮುಂಚೇನೇ ಗೊತ್ತಾಗ್ಬಿಡತ್ತೆ ಅಕ್ಕ. ನೀನು ಕೂತು ಯಾವಾಗಂದ್ರೆ ಆವಾಗ ಕೂಗು."

ಒಂದು ಭಾನುವಾರ ಕೂತೆ. ಇನ್ನೊಂದು ಕುರ್ಚಿ ಎಳೆದು ಕೊಟ್ಟ. ನಾನು ಸೊಪ್ಪು ಬಿಡಿಸುತ್ತ, ಅವನು ಮೈಮರೆತಾಗ 'ತಗ್ಗಿತು' ಎನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹತ್ತರಲ್ಲಿ ಏಳು ಸಲ ತಳ್ಳಿದ. "ಮುಂದಿನ ವಾರಾನೂ ಬಾ," ಎಂದ. ಮುಂದಿನ ವಾರ ನನಗೆ ಮನೆಯ ಕೆಲಸವಿತ್ತು, ಅದರ ಮುಂದಿನ ವಾರ ಮೊಣಕಾಲು ನೋವು. ಉಳಿದ ದಿನಗಳಲ್ಲಿ ಅವನು ತಾನೇ ಕೂಗಿಕೊಂಡ.

ಪರೀಕ್ಷೆಯ ದಿನವೂ ಕರೆದಿದ್ದ, ನಾನು ಹೋಗಲಿಲ್ಲ. ನಡೆದದ್ದನ್ನು ಆಮೇಲೆ ಅವನ ಹಾರಾಟದ ವರದಿ ಪುಸ್ತಕದಿಂದ ತಿಳಿದೆ. ಗೋದಾಮಿನಲ್ಲಿ ಪಾಳಿಯ ವರದಿ ಬರೆಯುತ್ತಿದ್ದ ರೀತಿಯಲ್ಲೇ ಬರೆದಿದ್ದಾನೆ: 'ಒಂದನೆಯ ಇಳಿತ: ಸರಿ. ಎರಡನೆಯದು: ಸರಿ, ಒಂದು ನೆಗೆತ. ಮೂರನೆಯದು: ಬೇಲಿಯ ಹತ್ತಿರ ಎದುರುಗಾಳಿ ನಿಂತಿತು. ತಗ್ಗಿತು. ತಳ್ಳಿದೆವು.'

ಆರು ಗಂಟೆಗೆ ಫೋನ್ ಬಂತು.

"ಅಕ್ಕಾ, ಇಳಿಸಿದ್ವಿ!"

"ಸರಿ. ಒಲೆ ಮೇಲೆ ಸಾರಿದೆ, ಆಮೇಲೆ ಫೋನ್ ಮಾಡ್ತೀನಿ."

ಆಮೇಲೆ ಮಾಡಲು ಮರೆತೆ.

ಅಲ್ಲಿಂದ ಎಂಟು ತಿಂಗಳು, ಸಂಜೆ ಐದಕ್ಕೆ ಅವನ ಸಂಖ್ಯೆಯನ್ನು ಕರೆಯುವ ಒಂದು ದನಿ ಇತ್ತು. ಆ ಒಂದು ಗಂಟೆಗಾಗಿ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದನೆಂದು ಪಕ್ಕದ ಮನೆಯಾಕೆ ಹೇಳಿದಳು. ಒಂದು ಬೆಳಿಗ್ಗೆ ಹಾಲು ತರಲು ಹೊರಟವನು ಎರಡನೆಯ ಮಹಡಿಯ ಮೆಟ್ಟಿಲಲ್ಲಿ ದಣಿವಾರಿಸಿಕೊಳ್ಳುವಂತೆ ಕುಳಿತ. ಏಳಲಿಲ್ಲ.

ಹತ್ತು ದಿನದ ಮೇಲೆ ಮನೆ ಖಾಲಿ ಮಾಡಲು ಹೋದೆವು. ಅಳಿಯ ಕಂಪ್ಯೂಟರನ್ನು ಬಿಚ್ಚುವ ಮುನ್ನ ಒಮ್ಮೆ ಹಚ್ಚಿದ. ಆಟ ತಾನಾಗಿಯೇ ತೆರೆದುಕೊಂಡಿತು, ಗಂಟೆ ಐದಾಗಿತ್ತು. ಹೆಡ್‌ಫೋನಿನಿಂದ ಸಣ್ಣ ದನಿ: "ನಲವತ್ತೆರಡು, ಕೇಳಿಸ್ತಿದೆಯಾ?"

ನಾನು ಅದನ್ನು ಕಿವಿಗೆ ಹಿಡಿದು, ಅವನ ಅಕ್ಕನೆಂದೂ ಅವನು ಹೋದನೆಂದೂ ಹೇಳಿದೆ. ಗೋಪುರದಾಕೆ ಉಳಿದ ವಿಮಾನಗಳಿಗೆ ಕಾಯಲು ಹೇಳಿದಳು.

"ಅಯ್ಯೋ... ಮನೇಲಿ ತುಂಬ ಜನ ಇದ್ರೇನಮ್ಮ? ಅವ್ರು ಯಾವಾಗ್ಲೂ 'ನಾವು ಬರ್ತಿದ್ದೀವಿ, ನಾವು ಇಳೀತಿದ್ದೀವಿ' ಅಂತಲೇ ಅಂತಿದ್ರು. ಪಕ್ಕದಲ್ಲಿ ಯಾರೋ ಕೂತಿರ್ತಾರೆ ಅಂತ ನಾವೆಲ್ಲ ಅಂದ್ಕೊಂಡಿದ್ವಿ."

"ಇಲ್ಲ," ಎಂದೆ. "ಒಬ್ಬನೇ."

ಅವನು ಬಿಟ್ಟುಹೋದದ್ದು:

ಕಂಪ್ಯೂಟರ್ ಒಂದು, ಅಳಿಯನಿಗೆ ಮರಳಿದೆ.

ಹೆಡ್‌ಫೋನ್, ಎಡಗಿವಿಯದು ಕೆಟ್ಟದ್ದು.

ಗೋದಾಮಿನ ಹಳದಿ ಹೆಲ್ಮೆಟ್. ಒಳಗೆ ಹೆಂಡತಿಯ ಚಿಕ್ಕ ಭಾವಚಿತ್ರ.

ಇಸ್ತ್ರಿ ಮಾಡಿದ ಅಂಗಿಗಳು ನಾಲ್ಕು.

ಹಾರಾಟದ ವರದಿ ಪುಸ್ತಕ, ಇನ್ನೂರ ಮೂವತ್ತೊಂದು ಇಳಿತಗಳು. ಎಲ್ಲಿಯೂ 'ನಾನು' ಎಂದಿಲ್ಲ.

ಕುರ್ಚಿಗಳು ಎರಡು. ಎರಡನೆಯದು ಅಡುಗೆಮನೆಯ ಮೇಜಿನ ಬಳಿಯೇ ಇತ್ತು. ನಾನು ಆ ಭಾನುವಾರ ಬಿಟ್ಟೆದ್ದ ಜಾಗದಲ್ಲೇ.

ಸತ್ತ ಗುಂಡಿಯ ಥ್ರಾಟಲ್ ಒಂದು. ಲಿವರಿನ ಪಕ್ಕ ಅಂಟಿಸಿದ ಚೀಟಿಯಲ್ಲಿ ಅವನ ದುಂಡಕ್ಷರ: 'ಯಾರೇ ಕೂತರೂ: ತಳ್ಳಿದರೆ ಶಕ್ತಿ.' ಅಳಿಯನಿಂದ ಸೆಟ್ಟಿಂಗ್ ತೆರೆಸಿ ನೋಡಿದೆ. ಟಿಕ್ ಹಾಕಿರಲಿಲ್ಲ.