ಮುಖ ತೊಳೆಯದ ಸೇನಾಪತಿ

ತುವಾಲುನ್ ಬಂದರಿನಲ್ಲಿ ಲು ಕಿಮ್‌ಚಾಯ್‌ನ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿರಲಿಲ್ಲ. ಮೀನು ಹರಾಜು ಕೂಗುವುದು ಅವನ ಕೆಲಸ. ಟ್ಯೂನಾದ ಬೆಲೆ ಏರಿಸುತ್ತಲೇ ಕೊಳ್ಳುವವನ ಅತ್ತೆಯ ಮಂಡಿನೋವು ವಿಚಾರಿಸಿ, ಮಾರುವವನ ದೋಣಿಯ ಬಣ್ಣಕ್ಕೆ ಕೊಂಕು ತೆಗೆದು, ಉಸಿರೆಳೆದುಕೊಳ್ಳುವ ಸಂದಿನಲ್ಲಿ ಸರಕಾರವನ್ನೂ ಬೈದು ಮುಗಿಸುತ್ತಿದ್ದ. ಇಷ್ಟೆಲ್ಲ ಮಾತು ಒಬ್ಬರ ಎದುರಿಗೆ ಮಾತ್ರ ಎರಡೇ ಪದಕ್ಕೆ ಇಳಿಯುತ್ತಿತ್ತು: "ಆಗಲಿ ಅಧ್ಯಕ್ಷರೇ."

ಅಧ್ಯಕ್ಷರೆಂದರೆ ಖೋ ಬೆಂಗ್‌ಕೊಕ್. ಮೀನುಗಾರರ ಸಂಘಕ್ಕೂ ಅವರೇ ಅಧ್ಯಕ್ಷರು, ಒಂಗ್‌ಯಾ ದೇವರ ಗುಡಿಯ ಸಮಿತಿಗೂ ಅವರೇ. ಊರಿನಲ್ಲಿ ಇನ್ನೊಂದು ಕುರ್ಚಿ ತಯಾರಾದರೆ ಅದರ ಮೇಲೂ ಅವರ ಟವೆಲ್ ಮೊದಲು ಬೀಳುತ್ತಿತ್ತು. ಕಿಮ್‌ಚಾಯ್‌ನ ಕೆಲಸದ ಕಾಗದಕ್ಕೆ ವರ್ಷಕ್ಕೊಮ್ಮೆ, ದೇವರ ಮೆರವಣಿಗೆ ಮುಗಿದ ವಾರದಲ್ಲಿ, ಸಹಿ ಹಾಕುವ ಕೈಯೂ ಅವರದೇ. ಐವತ್ತಾರು ವರ್ಷದ, ಕೂಗುವುದು ಬಿಟ್ಟು ಬೇರೇನೂ ಬಾರದ ಮನುಷ್ಯ ಆ ಕೈಯ ಮುಂದೆ ಇನ್ನೇನು ಹೇಳಬೇಕು?

ವರ್ಷದಲ್ಲಿ ಒಂದು ದಿನ ಮಾತ್ರ ಕಿಮ್‌ಚಾಯ್ ತುಟಿ ಬಿಚ್ಚುತ್ತಿರಲಿಲ್ಲ. ಒಂಗ್‌ಯಾ ದೇವರ ಪಲ್ಲಕ್ಕಿ ಹೊರಡುವಾಗ ಮುಂದೆ ದಾರಿ ಬಿಡಿಸಿ, ದೆವ್ವ ಪಿಡುಗುಗಳನ್ನು ಹಿಡಿದು ಕಟ್ಟುವ, ಕೈಯಲ್ಲಿ ಬೆತ್ತ ಬೀಸಣಿಗೆಯ ಎಂಟು ಸೇನಾಪತಿಗಳಿರುತ್ತಾರೆ. ದೇವರ ಪೊಲೀಸರು ಅನ್ನಿ. ಲಂಚ ಮುಟ್ಟುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಅವರಲ್ಲಿ ಲಿವ್ ಸೇನಾಪತಿಯ ವೇಷ ಮೂವತ್ತು ವರ್ಷದಿಂದ ಕಿಮ್‌ಚಾಯ್‌ನದು. ಮೂರು ದಿನ ಮೊದಲಿಂದ ಮೀನು ಮಾಂಸ ಬಿಡಬೇಕು, ಹೆಂಡತಿಯಿಂದ ದೂರ ಮಲಗಬೇಕು. ಬೆಳಿಗ್ಗೆ ಮುಖಕ್ಕೆ ಬಣ್ಣ ಬಿದ್ದಿತೆಂದರೆ ಮನುಷ್ಯ ಹೋದ, ಸೇನಾಪತಿ ಬಂದ. ಮುಖ ತೊಳೆಯುವವರೆಗೆ ಮಾತಿಲ್ಲ, ನಗುವಿಲ್ಲ. ನೀರು ಬೇಕಾದರೂ ಬಣ್ಣ ಕೆಡದಂತೆ ಕೊಳವೆಯಲ್ಲಿ ಹೀರಬೇಕು. ಈ ಒಂದು ಕಟ್ಟಳೆಯನ್ನು ಅವನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಮುರಿದಿರಲಿಲ್ಲ. ಅವನಿಗೆ ತನ್ನ ಬಗ್ಗೆ ಹೆಮ್ಮೆ ಅಂತ ಇದ್ದದ್ದು ಇದೊಂದೇ.

ಅವನ ಹೆಂಡತಿ ಬೀಗ್ಯೋಕ್ ಗುಡಿಯ ಬೀದಿಯಲ್ಲಿ ಮೀನುಂಡೆಯ ಸಾರು ಮಾರುತ್ತಿದ್ದಳು. ಗಂಡ ಬಾಯಿ ಮುಚ್ಚುವ ಆ ದಿನ ಅವಳಿಗೆ ನಿಜಕ್ಕೂ ಹಬ್ಬವೇ ಸರಿ. ಬಣ್ಣ ಒಣಗುವವರೆಗೆ ಗಂಡನ ಎದುರು ಸ್ಟೂಲು ಹಾಕಿ ಕೂತು, ವರ್ಷವಿಡೀ ಅವನು ನಡುವೆ ಬಾಯಿ ಹಾಕಿ ಕೆಡಿಸಿದ್ದ ತನ್ನ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದಳು.

"ನಿಮ್ಮಕ್ಕ ಕೊಟ್ಟ ಹೂದಾನಿ ನಾನೇ ಒಡೆದಿದ್ದು, ಬೆಕ್ಕಲ್ಲ. ಗೊತ್ತಾಯ್ತೇನ್ರೀ? ಆಮೇಲೆ ಆ ಖೋ ಕಂಡರೆ ಸೊಂಟ ಮುರಿದವನ ಹಾಗೆ ಬಗ್ತೀರಲ್ಲ, ನಂಗೆ ನೋಡೋಕಾಗಲ್ಲ."

ಲಿವ್ ಸೇನಾಪತಿ ಕಣ್ಣು ಮಿಟುಕಿಸದೆ ಕೇಳುತ್ತಿದ್ದ.

ಹೋದ ವರ್ಷ ಖೋ ಅಧ್ಯಕ್ಷರು ಪಟ್ಟಣದ ಮುಖ್ಯಸ್ಥರ ಚುನಾವಣೆಗೆ ನಿಂತಿದ್ದರು. ಮೆರವಣಿಗೆ ನಾಲ್ಕು ದಾರಿ ಕೂಡುವಲ್ಲಿ ಬಂದಾಗ, ರಸ್ತೆಯ ಆಚೆ ಬದಿಯಲ್ಲಿ ರಾಜಧಾನಿಯ ದೊಡ್ಡ ಮನುಷ್ಯರೊಬ್ಬರು ಕಾರಿನಿಂದ ಇಳಿದರು. ಅವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಆತುರದಲ್ಲಿ ಅಧ್ಯಕ್ಷರು ಎಂಟು ಸೇನಾಪತಿಗಳ ಸಾಲಿನ ನಡುವೆಯೇ ನುಗ್ಗಿ ದಾಟಿಬಿಟ್ಟರು. ಆ ಸಾಲನ್ನು ನಾಯಿ ದಾಟಿದರೂ ಊರಿಗೆ ಕೇಡು ಅನ್ನುತ್ತಾರೆ. ದಾಟಿದವರನ್ನು ಹಿಡಿದು ಮಂಡಿಯೂರಿಸಬೇಕು. ಹಿಡಿದ ಸೇನಾಪತಿ ಬೀಸಣಿಗೆಯಿಂದ ಹೆಗಲು ಮುಟ್ಟುವವರೆಗೆ ಅವರು ಏಳುವಂತಿಲ್ಲ. ತುವಾಲುನಿನ ಮಕ್ಕಳಿಗೂ ಇದು ಗೊತ್ತು. ಗುಡಿಯ ಅಧ್ಯಕ್ಷರಿಗೆ ಮಾತ್ರ ಫೋಟೋ ಅಂದರೆ ಉಳಿದದ್ದೆಲ್ಲ ಮರೆತುಹೋಗುತ್ತಿತ್ತು.

ಲಿವ್ ಸೇನಾಪತಿಯ ಬೆತ್ತ ಅವರ ಎದೆಗೆ ಅಡ್ಡ ಬಂತು.

"ಲೋ ಕಿಮ್‌ಚಾಯ್, ನಾನು ಕಣೋ!" ಅಧ್ಯಕ್ಷರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ತಮಾಷೆಗೆ ತಡೆದೆ ಅಂತ ಒಂದು ಮಾತು ಹೇಳಿಬಿಡು. ಮುಂದಿನ ವಾರ ಸಹಿ ಹಾಕೋನು ನಾನು, ನೆನಪಿರಲಿ."

ಬೆತ್ತ ಅಲುಗಲಿಲ್ಲ. ಅಧ್ಯಕ್ಷರು ಮಂಡಿಯೂರಿದರು. ಫೋಟೋದವರು ಬಿಡದೆ ಕ್ಲಿಕ್ಕಿಸಿದರು. ಸ್ವಲ್ಪ ಹೊತ್ತಾದ ಮೇಲೆ ಬೀಸಣಿಗೆ ಹೆಗಲು ಮುಟ್ಟಿತು. ಆ ಸಂಜೆ ಮುಖ ತೊಳೆದದ್ದೇ ತಡ, ಸೇನಾಪತಿ ಹೋಗಿ ಹಳೇ ಕಿಮ್‌ಚಾಯ್ ಬಂದ. ಕೆಲಸ ಹೋಯಿತೆಂದೇ ತಿಳಿದ. ಬೀಗ್ಯೋಕ್ ಮಾತ್ರ ಮದುವೆಯಾದ ಮೇಲೆ ಮೊದಲ ಸಲ ಅವನ ಬಟ್ಟಲಿಗೆ ಕೇಳದೆಯೇ ಎರಡು ಮೀನುಂಡೆ ಹೆಚ್ಚು ಹಾಕಿದಳು.

ಆದರೆ ಕೆಲಸ ಹೋಗಲಿಲ್ಲ. ಆದದ್ದು ಅದಕ್ಕಿಂತ ಕೆಟ್ಟದ್ದು. ಆ ಮಂಡಿಯೂರಿದ ಫೋಟೋ ಊರಿನ ಪ್ರತಿ ಕಂಬಕ್ಕೂ ಏರಿತು. ಕೆಳಗೆ ಕೆಂಪಕ್ಷರ: "ದೇವರಿಗೆ ತಲೆಬಾಗುವ ನಾಯಕ." ಮುದುಕಿಯರು ಕಂಬದ ಮುಂದೆ ನಿಂತು ಕಣ್ಣೊರೆಸಿಕೊಂಡರು. ಖೋ ಭಾರೀ ಅಂತರದಲ್ಲಿ ಗೆದ್ದರು. ಕಿಮ್‌ಚಾಯ್ ದಿನಾ ಹರಾಜಿಗೆ ಹೋಗುವಾಗ ಹದಿನೇಳು ಕಂಬಗಳ ಮೇಲೆ ತನ್ನದೇ ಬಣ್ಣದ ಮುಖ ನೋಡಬೇಕಾಯಿತು. ಜೀವಮಾನದಲ್ಲಿ ಒಂದೇ ಸಲ ನೆಟ್ಟಗೆ ನಿಂತಿದ್ದ, ಅದನ್ನೂ ಖೋ ತಮ್ಮ ಜೇಬಿಗೆ ಹಾಕಿಕೊಂಡಿದ್ದರು.

ಈ ವರ್ಷ ಮೆರವಣಿಗೆಗೆ ಐದು ದಿನ ಇರುವಾಗ ಅಧ್ಯಕ್ಷರು ಅನಾನಸ್ ಕೇಕಿನ ಡಬ್ಬಿ ಹಿಡಿದು ಕಿಮ್‌ಚಾಯ್‌ನ ಮನೆಗೇ ಬಂದರು. ಈಗ ಅವರ ಕಣ್ಣು ಜಿಲ್ಲೆಯ ಕುರ್ಚಿಯ ಮೇಲಿತ್ತು.

"ನೋಡಪ್ಪ, ಈ ಸಲಾನೂ ದಾಟ್ತೀನಿ. ಅದೇ ಜಾಗ, ಹತ್ತೂ ಹತ್ತಕ್ಕೆ ಸರಿಯಾಗಿ. ಟೀವಿಯವರು ನೇರ ತೋರಿಸ್ತಾರೆ. ನೀನು ಹಿಡಿ, ಕೂರಿಸು. ಒಂದು ನಿಮಿಷ ಬಿಟ್ಟು ಮುಟ್ಟು. ನನ್ನ ಮುಖ ಮಾತ್ರ ಪೂರ್ವಕ್ಕಿರೋ ಹಾಗೆ ಕೂರಿಸು, ಬೆಳಕು ಚೆನ್ನಾಗಿರುತ್ತೆ."

"ಆಗಲಿ ಅಧ್ಯಕ್ಷರೇ," ಅಂದ ಕಿಮ್‌ಚಾಯ್.

"ಒಂದೇ ನಿಮಿಷ. ನಂಗೆ ಮಂಡಿನೋವು."

"ಆಗಲಿ ಅಧ್ಯಕ್ಷರೇ."

ಅವರು ಹೋದ ಮೇಲೆ ಬೀಗ್ಯೋಕ್ ಕೇಕಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಗಂಡನಿಗೆ ಒಂದು ಮಾತೂ ಬಯ್ಯಲಿಲ್ಲ. ಬಣ್ಣ ಬಳಿದ ಬೆಳಿಗ್ಗೆ ಕೂಡ ಅವಳು ಸ್ಟೂಲು ಹಾಕಿಕೊಂಡು ಬರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಲಿವ್ ಸೇನಾಪತಿಗೆ ಆ ಮೌನ ತಡೆಯಲಾಗಲಿಲ್ಲ.

ಹತ್ತೂ ಹತ್ತಕ್ಕೆ ಅಧ್ಯಕ್ಷರು ಸಾಲು ದಾಟಿದರು. ಅಷ್ಟು ನಿಧಾನವಾಗಿ, ಎರಡೂ ಬದಿಗೆ ಕೈಬೀಸುತ್ತ ಯಾರೂ ತಪ್ಪು ಮಾಡುವುದಿಲ್ಲ. ಬೆತ್ತ ಅಡ್ಡ ಬಂತು. ಅವರ ಕಡೆಯವನೊಬ್ಬ ಓಡಿಬಂದು ನೆಲದ ಮೇಲೆ ಮೆತ್ತೆ ಹಾಸಿದ. ಟಾರಿನ ಬಣ್ಣದ್ದೇ ಮೆತ್ತೆ, ಟೀವಿಯಲ್ಲಿ ಕಾಣದ ಹಾಗೆ. ಅಧ್ಯಕ್ಷರು ಅದರ ಮೇಲೆ ಮಂಡಿಯೂರಿ ಮುಖವನ್ನು ಪೂರ್ವಕ್ಕೆ ತಿರುಗಿಸಿದರು.

ಲಿವ್ ಸೇನಾಪತಿ ಮೆತ್ತೆ ನೋಡಿದ. ಆಮೇಲೆ ಅದರ ಅಂಚಿಗೆ ಬೆತ್ತದ ತುದಿ ತೂರಿಸಿ ಒಂದೇ ಸಲಕ್ಕೆ ಎಳೆದು ಚರಂಡಿಗೆ ಎಸೆದ. ಅಧ್ಯಕ್ಷರ ಮಂಡಿ ಕಾದ ಟಾರಿಗೆ, ಪಟಾಕಿಯ ಸುಟ್ಟ ಕಾಗದದ ಮೇಲೆ ಬಿತ್ತು. ಒಂದು ನಿಮಿಷವಾಯಿತು. ಬೀಸಣಿಗೆ ಮೇಲೆದ್ದಿತು.

"ಮುಟ್ಟೋ, ಮುಟ್ಟು!" ನಗುಮುಖ ಕೆಡಿಸಿಕೊಳ್ಳದೆ ಅಧ್ಯಕ್ಷರು ಪಿಸುಗುಟ್ಟಿದರು.

ಬೀಸಣಿಗೆ ಹೆಗಲು ಮುಟ್ಟದೆ, ಹಿಡಿದವನ ಮುಖಕ್ಕೇ ಎರಡು ಸಲ ಗಾಳಿ ಬೀಸಿತು. ಸೇನಾಪತಿ ಬೆನ್ನು ತಿರುಗಿಸಿ, ಹೆಜ್ಜೆ ಹಾಕುತ್ತ ಮುಂದೆ ಹೋದ. ಹಿಂದೆ ಉಳಿದ ಏಳು ಜನ ಹೋದರು, ಡೋಲಿನವರು ಹೋದರು, ಒಂಗ್‌ಯಾ ದೇವರ ಪಲ್ಲಕ್ಕಿಯೂ ಅಧ್ಯಕ್ಷರನ್ನು ಬಳಸಿಕೊಂಡು ಹೋಯಿತು. ಟೀವಿಯವರು ಮಾತ್ರ ಹೋಗಲಿಲ್ಲ. ಎದ್ದರೆ ದೇವರಿಗೆ ತಲೆಬಾಗದ ನಾಯಕನನ್ನು ಜಿಲ್ಲೆಯೆಲ್ಲ ನೇರ ನೋಡುತ್ತದೆ. ಹಾಗಾಗಿ ಅಧ್ಯಕ್ಷರು ಏಳಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ವೇಷದವರೆಲ್ಲ ಗುಡಿಯ ಹಿತ್ತಲಲ್ಲಿ ಮುಖ ತೊಳೆದು ಸಿಗರೇಟು ಹಚ್ಚಿದರು. ಲಿವ್ ಸೇನಾಪತಿ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದ. ಬಣ್ಣದ ಅಡಿಯಲ್ಲಿ ಭಯವಿತ್ತು. ತೊಳೆದ ಕೂಡಲೇ ಬಾಯಿಗೆ ಯಾವ ಎರಡು ಪದ ಬರುತ್ತವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೀಗ್ಯೋಕ್ ನೀರಿನ ಬೋಗುಣಿ, ಟವೆಲ್ ಹಿಡಿದು ಬಂದಳು. ಅವಳ ಹಿಂದೆಯೇ ಅಧ್ಯಕ್ಷರ ಕಡೆಯವನು ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಅಕ್ಕಾ, ಕಿಮ್‌ಚಾಯ್ ಅವರನ್ನ ಕಳಿಸಿ, ಕೈ ಮುಗೀತೀನಿ. ಸಾಹೇಬರು ಇನ್ನೂ ಎದ್ದಿಲ್ಲ, ಮಂಡಿಗೆ ಬೊಬ್ಬೆ ಬಂದಿದೆ."

ಬೀಗ್ಯೋಕ್ ಗಂಡನ ಮುಖ ನೋಡಿದಳು. ಕೆಂಪು ಕಪ್ಪು ಬಣ್ಣದ ನಡುವಿನಿಂದ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳು ಬೋಗುಣಿ ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿದಳು.

"ಕಿಮ್‌ಚಾಯ್ ಇಲ್ಲಿಲ್ಲಪ್ಪ," ಅಂದಳು. "ಇಲ್ಲಿರೋರು ಸೇನಾಪತಿಗಳು."

ಆಮೇಲೆ ಒಂದು ಲೋಟ ಟೀಗೆ ಕೊಳವೆ ಹಾಕಿ ಅವನ ಕೈಗೆ ಕೊಟ್ಟು, ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.