ಬಲಕ್ಕೆ ಬಡಿಯುವ ಎದೆ

ಮಗಳಿಗೆ ಐದು ತಿಂಗಳಿದ್ದಾಗ ಕೆಮ್ಮು ಹತ್ತಿತು. ಸವಣೂರಿನ ಡಾಕ್ಟರು ಸ್ಟೆತಸ್ಕೋಪನ್ನು ಅವಳ ಎಡ ಎದೆಗೆ ಇಟ್ಟರು. ಸರಿಸಿದರು. ಮತ್ತೆ ಇಟ್ಟರು. ಆಮೇಲೆ ಬಲಕ್ಕೆ ತಂದು ಬಹಳ ಹೊತ್ತು ಕಿವಿಗೊಟ್ಟು ಕುಳಿತರು.

ಎಕ್ಸ್-ರೇ ಬಂತು. ಫಿಲ್ಮ್ ಉಲ್ಟಾ ಆಗಿರಬೇಕೆಂದು ಇನ್ನೊಮ್ಮೆ ತೆಗೆಸಿದರು. ಎರಡರಲ್ಲೂ ಅದೇ.

"ಕೂಸಿನ ಹಾರ್ಟ್ ಬಲಕ್ಕೈತ್ರಿ."

ಜೊತೆಗೆ ಬಂದಿದ್ದ ಅತ್ತೆಗೆ ಕಿವಿ ಸ್ವಲ್ಪ ಮಂದ. ನಮ್ಮೂರು ಹತ್ತಿಮತ್ತೂರಿನಲ್ಲಿ ಬಸ್ಸಿಳಿದವರೇ ಓಣಿಗೆಲ್ಲ ಸಾರಿದರು: "ನಮ್ಮ ಕೂಸಿನ ಎದಿ ಬಲ ಐತಂತ! ಡಾಕ್ಟರ್ ಹೇಳ್ಯಾರ!" ಬಲ ಎಂದರೆ ಗಟ್ಟಿ ಎಂದುಕೊಂಡಿದ್ದರು. ಸಿಕ್ಕವರ ಕೈಗೆಲ್ಲ ಸಕ್ಕರೆ ಹಾಕಿದರು. ನನ್ನ ಕೈಗೂ.

ಬಾಯಿಗೆ ಹಾಕಿಕೊಂಡೆ. ಹಿತ್ತಲಿಗೆ ಹೋಗಿ ಉಗುಳಿದೆ.

ಅತ್ತೆ ಔಷಧಿ ತರಲು ಹೋಗಿದ್ದಾಗ ಡಾಕ್ಟರು ಉಳಿದದ್ದನ್ನೂ ನನಗೆ ಹೇಳಿದ್ದರು. ಹೃದಯ ಬಲಕ್ಕಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ, ಆದರೆ ಕೆಲವು ಮಕ್ಕಳಿಗೆ ಅದರೊಳಗೆ ತೂತು ಇರುತ್ತದೆ, ರಕ್ತನಾಳಗಳು ಅದಲುಬದಲಾಗಿರುತ್ತವೆ, ಹುಬ್ಬಳ್ಳಿಯಲ್ಲಿ ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿದರೇ ತಿಳಿಯುವುದು ಎಂದು. ಫೋನಿನಲ್ಲಿ ಗಂಡನಿಗೆ ಹೇಳಿದೆ. ಅತ್ತೆಗೆ ಹೇಳಲಿಲ್ಲ.

ಆ ವಾರ ನಾನು ಮಗುವಿನ ಮುಖ ನೋಡಲಿಲ್ಲ, ತುಟಿಯನ್ನಷ್ಟೇ ನೋಡಿದೆ. ನೀಲಿಯಾಯಿತೇ? ಹಾಲು ಕುಡಿಯುವುದನ್ನು ಬಿಟ್ಟರೆ ದಣಿದಳೇ? ಬೆವರಿದರೆ ಸೆಕೆಯೋ, ಇನ್ನೇನೋ? ಪಕ್ಕದ ಮನೆಯವರು "ಬಲದ ಎದಿಯಾಕಿ" ಎಂದು ಮುದ್ದಾಡಿದರೆ ಮೈ ಉರಿಯುತ್ತಿತ್ತು. ಅತ್ತೆಯಾದರೂ ನೆಮ್ಮದಿಯಿಂದ ಉಣ್ಣಲಿ ಎಂದು ಸುಮ್ಮನಿದ್ದೆ. ಹಾಗೆ ಉಣ್ಣುವುದನ್ನು ಕಂಡು ಹೊಟ್ಟೆಕಿಚ್ಚೂ ಪಟ್ಟೆ.

ಅತ್ತೆಯ ಜೊತೆ ಹುಬ್ಬಳ್ಳಿಗೆ ಹೊರಟ ದಿನ, ಯಲವಿಗಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ತಡೆಯಲಾಗಲಿಲ್ಲ. "ಅತ್ತೀ, ಬಲ ಅಂದ್ರ ಗಟ್ಟಿ ಅಲ್ರಿ. ಬಲಗಡೆ ಐತಿ. ಒಳಗ ತೂತು ಐತೇನಂತ ನೋಡಸಾಕ ಹೊಂಟೇವಿ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಓಣಿಗೆಲ್ಲಾ ಸಕ್ರಿ ಹಂಚೇನಲ್ಲ ಯವ್ವಾ! ನೀ ಯಾಕ ಬ್ಯಾಡ ಅನ್ನಲಿಲ್ಲ?" ಹುಬ್ಬಳ್ಳಿಯವರೆಗೆ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ.

ಎಕೋ ಮಾಡುವ ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯಲೇ ಇಲ್ಲ. ಏನಾದರೂ ಹೇಳಬಾರದೇ ಎನಿಸುತ್ತಿತ್ತು. ಹೇಳುತ್ತಾರೆಂಬ ಭಯವೂ ಇತ್ತು.

"ತೂತಿಲ್ರಿ."

ನಾನು ಮಗುವಿನ ಅಂಗಿಗೆ ಕೈ ಚಾಚಿದೆ.

"ಲಿವರ್, ಹೊಟ್ಟಿ ಎಲ್ಲಾ ಕನ್ನಡ್ಯಾಗ ಕಂಡಂಗ ತಿರುಗ್ಯಾವು, ಅಷ್ಟ. ಯಾವ ಡಾಕ್ಟರ್ ಕಡೆ ಹೋದ್ರೂ ಮೊದಲ ಇದನ್ನ ಹೇಳ್ರಿ. ಪದೇ ಪದೇ ಕೆಮ್ಮು ಬಂದ್ರ ತಡ ಮಾಡಬ್ಯಾಡ್ರಿ."

"ಹಂಗಾರ ಗಟ್ಟಿ ಐತೇನ್ರಿ?" ಅತ್ತೆ ಕೇಳಿದರು.

"ಐತ್ರಿ, ಅಜ್ಜಿ."

ಭಯ ಪೂರ್ತಿ ಹೋಗಿಲ್ಲ. ಒಂದು ಕೆಮ್ಮು ಸಾಕು, ಮತ್ತೆ ತುಟಿ ನೋಡುತ್ತೇನೆ. ಆದರೆ ಈಚೆಗೆ ಒಂದು ಗೊತ್ತಾಗಿದೆ. ಬೇರೆ ಮಕ್ಕಳನ್ನು ಎದೆಗೆ ಎದೆ ಹಚ್ಚಿ ಎತ್ತಿಕೊಂಡರೆ ಅವರ ಹೃದಯ ನಮ್ಮ ಬಲಬದಿಗೆ ಬರುತ್ತದೆ. ಇವಳದು ನೇರ ನನ್ನದರ ಮೇಲೆ ಬರುತ್ತದೆ. ಹೆದರಿಕೆಯಾದಾಗಲೆಲ್ಲ ಎತ್ತಿಕೊಳ್ಳುತ್ತೇನೆ. ಮೊದಮೊದಲು ಯಾವ ಬಡಿತ ಯಾರದೆಂದು ತಿಳಿಯುತ್ತಿರಲಿಲ್ಲ.

ಬೇಗ ಬೇಗ ಬಡಿಯುವುದು ಅವಳದು.